ಹನ್ನೊಂದನೆಯವರ ಶನಿವಾರಗಳು

ಕಡತದ ಮೇಲೆ ಅವರ ಹೆಸರಿರಲಿಲ್ಲ, ಹನ್ನೊಂದು ಎಂಬ ಅಂಕಿ ಇತ್ತು. ಆರು ವಾರ ನಾನೂ ಅವರನ್ನು ಮನಸ್ಸಿನಲ್ಲಿ ಹನ್ನೊಂದನೆಯವರು ಎಂದೇ ಕರೆದೆ. ಇವತ್ತು ಹೆಸರು ನೆನಪಿಸಿಕೊಳ್ಳಲು ಹೋದರೆ ಬೇರೆ ಯಾರದೋ ಹೆಸರು ನಾಲಿಗೆಗೆ ಬರುತ್ತದೆ. ಆದ್ದರಿಂದ ಅಂಕಿಯನ್ನೇ ಉಳಿಸಿಕೊಳ್ಳುತ್ತೇನೆ.

ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮನೋವೈದ್ಯ ಕ್ಲಿನಿಕ್ಕು. ಕೆಳಗೆ ರೋಗಿಗಳು. ಮೇಲಿನ ಕೋಣೆಯಲ್ಲಿ ನಾನು, ದಪ್ಪ ಮಾನಿಟರಿನ ಕಂಪ್ಯೂಟರು, ಯುಪಿಎಸ್, ತೂಕದ ಯಂತ್ರ. ಕೃಷ್ಣರಾಜಪುರದ ತೂಗುಸೇತುವೆ ಆಗ ಇನ್ನೂ ಹೊಸದು. ಅದನ್ನು ನೋಡಲೆಂದೇ ಜನ ಬಸ್ಸಿನ ಕಿಟಕಿ ಪಕ್ಕ ಕೂರುತ್ತಿದ್ದರು. ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಅಳೆಯುವುದು.

ಎಡಿಎಚ್‌ಡಿ ಎಂದರೆ ಗಮನ ಒಂದೆಡೆ ನಿಲ್ಲದ, ಕೈಕಾಲು ಸುಮ್ಮನಿರದ, ಯೋಚನೆಗಿಂತ ಮೊದಲೇ ಕೈ ಮುಂದಾಗುವ ಸ್ಥಿತಿ. ಅದು ಮಕ್ಕಳದ್ದು ಎಂದೇ ಆಗ ಬಹಳ ಜನ ತಿಳಿದಿದ್ದರು. ದೊಡ್ಡವರಲ್ಲೂ ಉಳಿದಿರುತ್ತದೆ, ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧಿ ಅವರಿಗೂ ಕೆಲಸ ಮಾಡುತ್ತದೆಯೇ ಎಂದು ಒಬ್ಬೊಬ್ಬರನ್ನೇ ಅಳೆದು ನೋಡಬೇಕು ಎಂಬುದು ನಮ್ಮ ಡಾಕ್ಟರ ಹಟ. ಉತ್ತೇಜಕ ಕೊಟ್ಟರೆ ಇವರು ಸುಮ್ಮನಾಗುತ್ತಾರೆ. ಅದು ಹೇಗೆ ಎಂದು ಕೇಳಿದವರಿಗೆ ನಾನು ಮಿದುಳಿನ ಚಿತ್ರ ಬರೆದು ತೋರಿಸುತ್ತಿದ್ದೆ. ಬರೆಯುವಾಗ ನನಗೇ ಅರ್ಧ ನಂಬಿಕೆ.

ಒಬ್ಬರಿಗೆ ಆರು ವಾರ. ವಾರಕ್ಕೊಂದು ಪೊಟ್ಟಣ, ಅದರಲ್ಲಿ ಹದಿನಾಲ್ಕು ಕ್ಯಾಪ್ಸೂಲು: ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಒಂದಕ್ಕೊಂದು. ಮೂರು ವಾರ ಔಷಧಿ, ಮೂರು ವಾರ ಬರೀ ಹಾಲಿನ ಸಕ್ಕರೆಯ ಹುಸಿ ಪುಡಿ. ಯಾವ ವಾರ ಯಾವುದು ಎಂಬುದು ಡಾಕ್ಟರ ಬೀರುವಿನಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿತ್ತು. ನುಂಗುವವರಿಗೆ, ಅವರ ಮನೆಯವರಿಗೆ, ಅಳೆಯುವ ನನಗೆ ಗೊತ್ತಾಗಬಾರದು. ಪ್ರತಿ ಶನಿವಾರ ಅವರು ಎಂಟಕ್ಕೆ ಮನೆಯಲ್ಲಿ ನುಂಗಿ ಒಂಬತ್ತೂವರೆಗೆ ನನ್ನ ಕೋಣೆಗೆ ಬರಬೇಕು. ಔಷಧಿ ರಕ್ತದಲ್ಲಿ ಏರಿರುವ ಹೊತ್ತು ಅದು.

ಕ್ಯಾಪ್ಸೂಲು ತುಂಬುತ್ತಿದ್ದವರು ಶಿವಾಜಿನಗರದ ಒಬ್ಬ ಹಳೆಯ ಕಾಂಪೌಂಡರು. ಮಾತ್ರೆಯನ್ನು ಕಲ್ವದಲ್ಲಿ ಅರೆದು, ಬೆರಳ ತುದಿಯಿಂದ ಖಾಲಿ ಕ್ಯಾಪ್ಸೂಲಿಗೆ ತುಂಬಿ, ಮುಚ್ಚಳ ಒತ್ತಿ, ನನ್ನ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು.

"ಸುನೋ ಮೇಡಂ. ಸೌಂಡ್ ಒಂದೇ. ತೂಕ ಒಂದೇ. ಕಲರ್ ಒಂದೇ. ಚೀಟಿ ಅಂಟಿಸಿಲ್ಲಾಂದ್ರೆ ತುಂಬಿದೋನಿಗೇ ಗೊತ್ತಾಗಲ್ಲ."

ನಾನೂ ಅಲ್ಲಾಡಿಸಿದೆ, ತೂಗಿದೆ, ಬೆಳಕಿಗೆ ಹಿಡಿದೆ. ಕಣ್ಣು, ಕಿವಿ, ತಕ್ಕಡಿ ಮೂರೂ ಸೋತವು. ಇನ್ನೇನು ಬೇಕು ಎಂದುಕೊಂಡೆವು.

ಹನ್ನೊಂದನೆಯವರು ಪವರ್ ಪ್ರೆಸ್ ಕೆಲಸಗಾರ. ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹಿಂದಿನ ಶೆಡ್ಡುಗಳಲ್ಲೊಂದರಲ್ಲಿ ತಗಡಿನಿಂದ ಸಣ್ಣ ಸಣ್ಣ ಬಿಡಿಭಾಗ ಕತ್ತರಿಸುವುದು. ತಗಡನ್ನು ಡೈ ಎಂಬ ಅಚ್ಚಿನ ಮೇಲಿಟ್ಟು, ಕೈ ತೆಗೆದು, ಪೆಡಲ್ ಒತ್ತಬೇಕು. ಒಂದು ಸಲ ಅವರು ಈ ಮೂರರ ಕ್ರಮ ತಪ್ಪಿಸಿದ್ದರು. ಎಡಗೈ ತೋರುಬೆರಳಿನ ಮೊದಲ ಗೆಣ್ಣು ಇರಲಿಲ್ಲ. ಮಗಳ ಓದಿನ ತೊಂದರೆಗೆಂದು ಕ್ಲಿನಿಕ್ಕಿಗೆ ಬಂದವರು ಅವರು. ಡಾಕ್ಟರು ಮಗಳನ್ನು ಮಾತಾಡಿಸುತ್ತಾ, ಕುರ್ಚಿಯಲ್ಲಿ ಕೂರಲಾಗದೆ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸಿ ತಿರುಗಿಸಿ ಕೊನೆಗೆ ಬೀಳಿಸಿದ ಅಪ್ಪನನ್ನು ಗಮನಿಸಿದರು.

ಒಪ್ಪಂದದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಒಂದು ಷರತ್ತು ಓದಿ ಹೇಳಿದೆ: ಈ ಆರು ವಾರ ಪ್ರೆಸ್ಸಿನ ಮೇಲೆ ಕೂರುವಂತಿಲ್ಲ, ಪ್ಯಾಕಿಂಗ್ ಮಾತ್ರ. ಕೊನೆಗೆ ನಾವು ಕೊಡುವ ಪತ್ರ ನೋಡಿ ಮತ್ತೆ ಪ್ರೆಸ್ಸಿಗೆ ಹಾಕುವುದೋ ಬಿಡುವುದೋ ಮಾಲೀಕರು ತೀರ್ಮಾನಿಸುತ್ತಾರೆ.

"ಆಯ್ತು ಮೇಡಂ. ನಂಗೂ ಮಿಕ್ಕಿರೋ ಒಂಬತ್ತೂವರೆ ಬೆರಳು ಬೇಕು," ಎಂದರು.

ನನ್ನ ಕೋಣೆಯ ಪರೀಕ್ಷೆ ಸರಳ. ಪರದೆಯ ಮೇಲೆ ಒಂದೊಂದೇ ಅಂಕಿ ಮಿಂಚಿ ಮಾಯವಾಗುತ್ತದೆ. ಪ್ರತಿಯೊಂದಕ್ಕೂ ಕೀಲಿ ಒತ್ತಬೇಕು, ಮೂರು ಬಂದಾಗ ಮಾತ್ರ ಒತ್ತಬಾರದು. ಹದಿನಾಲ್ಕು ನಿಮಿಷ. ಎಷ್ಟು ಸಲ ಮೂರಕ್ಕೆ ಒತ್ತಿದರು, ಎಷ್ಟು ಬಿಟ್ಟರು ಎಂಬುದಕ್ಕಿಂತ ಮುಖ್ಯ, ಒತ್ತುವ ವೇಗ ಎಷ್ಟು ಚದುರಿದೆ ಎಂಬುದು. ಗಮನ ಹೋಗಿ ಬಂದು ಮಾಡುವವರಿಗೆ ಕಂಪ್ಯೂಟರು ಬಿಡಿಸುವ ವೇಗದ ಗೆರೆ ಗರಗಸದ ಹಲ್ಲಿನಂತೆ ಏಳುತ್ತದೆ, ಬೀಳುತ್ತದೆ. ಇದಲ್ಲದೆ ನನ್ನದೇ ಒಂದು ಲೆಕ್ಕವಿತ್ತು. ಆ ಕೋಣೆಯ ಕುರ್ಚಿ ಕಿರುಗುಟ್ಟುತ್ತಿತ್ತು. ಎಣ್ಣೆ ಹಾಕಿಸದೆ ಹಾಗೇ ಬಿಟ್ಟಿದ್ದೆ. ನಾನು ಹಿಂದೆ ಕೂತು, ಅದು ಕಿರುಗುಟ್ಟಿದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು ಎಳೆಯುತ್ತಿದ್ದೆ. ಯಾವ ಪುಸ್ತಕದಲ್ಲೂ ಇಲ್ಲದ ಅಳತೆ. ಡಾಕ್ಟರಿಗೆ ಹೇಳಿರಲಿಲ್ಲ.

ಗಂಡ ಮನೆಯಲ್ಲಿ ಹೇಗಿದ್ದರು ಎಂದು ವಾರವಾರ ಅಂಕ ಹಾಕಿ ಹೆಂಡತಿ ತುಂಬುವ ಹಾಳೆ ಬೇರೆ ಇತ್ತು. ಕೊನೆಯಲ್ಲಿ ಎರಡು ಸಾಲಿನ ಜಾಗ: "ಬೇರೆ ಏನಾದರೂ ಗಮನಿಸಿದ್ದರೆ." ಆ ಹಾಳೆ ಪಿನ್ ಹೊಡೆದ ಲಕೋಟೆಯಲ್ಲಿ ಬರುತ್ತಿತ್ತು. ಡಾಕ್ಟರು ಹೇಳುವವರೆಗೆ ನಾನು ತೆರೆಯಬಾರದು. ಆಕೆಯದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ; ಶನಿವಾರ ರಜೆಯಿಲ್ಲ. ಹಾಗಾಗಿ ಐದು ವಾರ ಆಕೆಯ ಮುಖ ನೋಡಲಿಲ್ಲ.

ಔಷಧಿಗೆ ಮೊದಲಿನ ಪರೀಕ್ಷೆಯಲ್ಲಿ ನನ್ನ ಕಾಗದ ಗೀಟುಗಳಿಂದ ತುಂಬಿಹೋಗಿತ್ತು. ಮೊದಲನೆಯ ಶನಿವಾರ ಹದಿನಾಲ್ಕು ನಿಮಿಷದಲ್ಲಿ ಎಳೆದದ್ದು ಎರಡೇ. ನಡುವೆ ಒಮ್ಮೆ ಅವರು ಇದ್ದಾರೆಯೇ ಎಂದು ತಲೆ ಎತ್ತಿ ನೋಡಿದೆ. ಮಾನಿಟರಿನ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ರೆಪ್ಪೆ ಬಡಿಯುತ್ತಿದ್ದರೋ ಇಲ್ಲವೋ ನೆನಪಿಲ್ಲ. ಬಡಿಯುತ್ತಿರಲಿಲ್ಲ ಎಂದು ಹೇಳುವ ಆಸೆಯಾಗುತ್ತದೆ. ಅದನ್ನು ಅಳೆಯಲಿಲ್ಲವಾದ್ದರಿಂದ ಹೇಳುವುದಿಲ್ಲ.

ಮುಗಿದ ಮೇಲೆ ಅವರೆಂದರು, "ಹೋದ್ಸಲ ಈ ರೂಮಲ್ಲಿ ಫ್ಯಾನು, ಆಟೋ, ಕಾಗೆ ಎಲ್ಲಾ ನನ್ ತಲೆ ಒಳಗೇ ಇದ್ವು ಮೇಡಂ. ಇವತ್ತು ಆಚೆ ಹೋಗವೆ."

ಎರಡನೆಯ ಶನಿವಾರ ಕಾಗೆ ಮತ್ತೆ ಒಳಗೆ ಬಂದಿತ್ತು. ಬಾಗಿಲಲ್ಲೇ ಮಾತು ಶುರು, ತೂಕದ ಯಂತ್ರದ ಮೇಲೆ ಕುಣಿತ, ಪರೀಕ್ಷೆಯ ನಡುವೆ ಪರದೆಗೇ ಬೈಗುಳ. "ಈ ಮೂರನೇ ನಂಬರ್‌ಗೆ ನನ್ ಮೇಲೆ ಏನ್ ದ್ವೇಷ ಮೇಡಂ? ಸರಿಯಾಗಿ ಕೈ ಎತ್ತೋ ಟೈಮಿಗೇ ಬತ್ತದೆ!" ನಗಬಾರದು ಎಂಬ ನಿಯಮವಿತ್ತು. ನಕ್ಕೆ.

ಮೂರನೆಯದೂ ಹಾಗೇ. ನಾಲ್ಕನೆಯದೂ, ಐದನೆಯದೂ. ಪ್ರತಿ ವಾರ ಕೇಳುತ್ತಿದ್ದೆ, "ಎಂಟು ಗಂಟೆಗೆ ತಗೊಂಡ್ರಾ?" ಅವರು, "ತಗೊಂಡೆ. ಅವ್ಳೇ ಕೈಗೆ ಹಾಕಿದ್ಲು," ಎನ್ನುತ್ತಿದ್ದರು. ಖಾಲಿ ಪೊಟ್ಟಣ ಮೇಜಿನ ಮೇಲೆ ಇಡುತ್ತಿದ್ದರು. ನಾನು ಅದನ್ನು ಬೆರಳು ಹಾಕಿ ಬಿಡಿಸಿ ನೋಡಿ, ಖಾಲಿ ಎಂದು ಬರೆದುಕೊಳ್ಳುತ್ತಿದ್ದೆ.

ಐದನೆಯ ವಾರದ ನಂತರ ಬಂದ ಸೋಮವಾರ ಡಾಕ್ಟರು, ಬಂದಷ್ಟನ್ನೂ ಕಂಪ್ಯೂಟರಿಗೆ ಹಾಕಿ ಎಂದರು. ಲಕೋಟೆಗಳ ಪಿನ್ ಕಿತ್ತೆ.

ಮೊದಲ ವಾರದ ಹಾಳೆ ಚೆನ್ನಾಗಿತ್ತು, ಎರಡನೆಯದು ಕೆಟ್ಟದಾಗಿತ್ತು. ನನ್ನ ಗೆರೆಗಳಂತೆಯೇ. ಮೂರು, ನಾಲ್ಕು, ಐದರಲ್ಲಿ ಆಕೆ ಗಂಡನಿಗೆ ಕೊಟ್ಟ ಅಂಕ ಮೊದಲ ವಾರಕ್ಕಿಂತ ಒಳ್ಳೆಯದು. ನನ್ನ ಕೋಣೆಯಲ್ಲಿ ಅದೇ ಮೂರು ವಾರ ಅವರು ಕುರ್ಚಿ ಮುರಿಯುವಂತೆ ಒದ್ದಾಡಿದ್ದರು. ಕೊನೆಯ ಎರಡು ಸಾಲುಗಳಲ್ಲಿ ದುಂಡನೆಯ ಅಕ್ಷರ.

ಮೊದಲ ವಾರ: "ಎರಡು ವರ್ಷದಿಂದ ನಿಂತಿದ್ದ ಗೋಡೆ ಗಡಿಯಾರ ಬಿಚ್ಚಿ ಸರಿ ಮಾಡಿದರು."

ಮೂರನೆಯ ವಾರ: "ಊಟಕ್ಕೆ ಕರೆದರೆ ತಿರುಗಿ ನೋಡುತ್ತಾರೆ. ಮೊದಲು ನೋಡುತ್ತಿರಲಿಲ್ಲ. ಈಗ ತುಂಬಾ ಹೊತ್ತು ನೋಡುತ್ತಾರೆ."

ನಾಲ್ಕನೆಯ ವಾರ: "ಮಗಳು ಅಪ್ಪ ಎಲ್ಲಿ ಅಂತ ಕೇಳಿದಳು. ಅವರು ಅವಳ ಪಕ್ಕದಲ್ಲೇ ಕೂತಿದ್ದರು."

ಐದನೆಯ ವಾರದ ಜಾಗ ಖಾಲಿ ಇತ್ತು. ಏನೋ ಬರೆದು, ರಬ್ಬರಿನಿಂದ ಉಜ್ಜಿದ ಗುರುತು ಮಾತ್ರ.

ಮಧ್ಯಾಹ್ನದ ಬೆಳಕಿನಲ್ಲಿ, ಕೆಳಗೆ ಜನ ಮಾತಾಡುತ್ತಿದ್ದಾಗಲೇ, ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ. ಶನಿವಾರ ಬರುವ ಮನುಷ್ಯ ಒಬ್ಬ. ಉಳಿದ ದಿನ ಆ ಮನೆಯಲ್ಲಿ ಕೂತಿರುವವನು ಯಾರು?

ಡಾಕ್ಟರು ಎರಡೂ ಕಾಗದ ನೋಡಿ ಹೆಂಡತಿಯ ಹಾಳೆಯನ್ನು ಪಕ್ಕಕ್ಕಿಟ್ಟರು. "ಇದನ್ನ ನಂಬ್ಬೇಡಿ. ಗಂಡ ಸರಿ ಹೋಗ್ಬೇಕು ಅಂತ ಆಸೆ ಇರುತ್ತೆ. ಆಸೆ ಇರೋರು ಫಾರ್ಮ್ ತುಂಬಿದ್ರೆ ಹಿಂಗೇ ಆಗೋದು."

"ಆಸೆ ಇರೋರು ಇಂಥ ಸಾಲು ಬರೀತಾರಾ ಸಾರ್?"

"ನಿಮ್ಮ ಟೆಸ್ಟ್ ಏನ್ ಹೇಳತ್ತೆ? ಐದ್ರಲ್ಲಿ ನಾಲ್ಕು ವಾರ ಕೆಟ್ಟದು. ಔಷಧಿ ಅವ್ರಿಗೆ ಹತ್ತಿಲ್ಲ. ಆರನೇ ವಾರ ಮುಗಿದ ತಕ್ಷಣ ನಿಲ್ಲಿಸ್ಬಿಡೋಣ, ಅನ್‌ಫಿಟ್ ಅಂತ ಲೆಟರ್ ಕೊಡೋಣ."

ನನ್ನ ಅಳತೆಯ ಮೇಲೆ ಅಷ್ಟು ಭಾರ ಬಿದ್ದದ್ದು ಅದೇ ಮೊದಲು. ಅಳೆಯುವವರು ಆ ಕೋಣೆಯ ಹೊರಗೆ ರೋಗಿಯನ್ನು ಭೇಟಿಯಾಗಬಾರದು ಎಂಬ ನಿಯಮ ನಮ್ಮದು. ಕೋಣೆಯ ಹೊರಗೆ ಕಂಡದ್ದು ಅಳತೆಯನ್ನು ಬಗ್ಗಿಸುತ್ತದೆ ಎಂಬ ಕಾರಣಕ್ಕೆ. ಮರುದಿನ ಮಂಗಳವಾರ, ಯಾರಿಗೂ ಹೇಳದೆ ಟಿನ್ ಫ್ಯಾಕ್ಟರಿಯ ಬಸ್ಸು ಹತ್ತಿದೆ. ತಪ್ಪು ಎಂದು ಗೊತ್ತಿತ್ತು. ಧೈರ್ಯ ಮಾಡಿದೆ ಎಂದು ಆಮೇಲೆ ಕೆಲವರಿಗೆ ಹೇಳಿದ್ದುಂಟು, ಅದು ಸುಳ್ಳು. ಆ ಮೂರು ಸಾಲುಗಳನ್ನು ಓದಿದ ಮೇಲೆ ಕೋಣೆಯಲ್ಲಿ ಒಬ್ಬಳೇ ಕೂರಲಾಗಲಿಲ್ಲ, ಅಷ್ಟೇ.

ಈ ಭಾಗವನ್ನು ನಾನು ನಂಬಬಾರದು. ನೆನಪಿನಲ್ಲಿ ಆ ಶೆಡ್ಡಿನಲ್ಲಿ ಶಬ್ದವೇ ಇಲ್ಲ. ನಾಲ್ಕು ಪ್ರೆಸ್ಸುಗಳು ಓಡುವ ತಗಡಿನ ಶೆಡ್ಡಿನಲ್ಲಿ ಕಿವಿ ತೂತಾಗುವ ಸದ್ದು ಇದ್ದೇ ಇರಬೇಕು. ಆದರೆ ನನಗೆ ಕಾಣುವುದು ಚಿತ್ರ ಮಾತ್ರ: ಮೇಲಿನ ಬೆಳಕಿನ ಚೌಕ, ಎಣ್ಣೆಯ ನೆಲ, ಏಳುವ ಬೀಳುವ ಕಬ್ಬಿಣ, ಅದರ ಮುಂದೆ ಸ್ಟೂಲಿನ ಮೇಲೆ ಹನ್ನೊಂದನೆಯವರು.

ಅವರು ಪ್ಯಾಕಿಂಗಿನಲ್ಲಿ ಇರಲಿಲ್ಲ. ಪ್ರೆಸ್ಸಿನ ಮೇಲೆ ಇದ್ದರು.

ಬೆನ್ನು ನೆಟ್ಟಗೆ. ಬಲಗೈ ತಗಡು ತಳ್ಳುತ್ತದೆ, ಎರಡೂ ಕೈ ಮಡಿಲಿಗೆ ಬರುತ್ತವೆ, ಕಾಲು ಒತ್ತುತ್ತದೆ. ಮತ್ತೆ ಬಲಗೈ. ಪ್ರತಿ ಸಲ ಅದೇ ಅಂತರ. ಗರಗಸದ ಗೆರೆಗಳನ್ನೇ ನಾಲ್ಕು ವಾರ ನೋಡಿದ್ದ ನಾನು ಒಂದು ನೇರ ಗೆರೆ ಕೂತು ಕೆಲಸ ಮಾಡುವುದನ್ನು ನೋಡುತ್ತಾ ನಿಂತೆ. ಅವರ ಕುತ್ತಿಗೆಯ ಮೇಲೆ ನೊಣ ಕೂತಿತ್ತು. ಅವರು ಓಡಿಸಲಿಲ್ಲ.

ಮಾಲೀಕರು ಕೈ ಒರೆಸಿಕೊಳ್ಳುತ್ತಾ ಬಂದರು. "ಏನ್ ಮೇಡಂ, ಇನ್ಸೂರೆನ್ಸಾ?"

ಕ್ಲಿನಿಕ್ಕಿನವಳು ಎಂದೆ. ಮಾಲೀಕರ ಮುಖ ಸ್ವಲ್ಪ ಬಿಳಿಚಿತು, ಆಮೇಲೆ ನಕ್ಕರು. "ಅರ್ಜೆಂಟ್ ಆರ್ಡರ್ ಬಂತು, ಎರಡ್ನೇ ವಾರದಿಂದ ಅವ್ನೇ ಕೂತ್ಕೋತೀನಿ ಅಂದ. ಆಗ ಒಂದಿನ ಗ್ಲೌಸ್ ಸಿಗಾಕ್ಕೊಂತು, ಸದ್ಯ ಕೈ ಉಳೀತು. ಆಮೇಲ್ ನೋಡಿ, ಅದರ ಮುಂದಿನ ಸೋಮವಾರದಿಂದ ಹಿಂಗೆ. ಮಿಷಿನ್ನೇ ಆಗೋಗವ್ನೆ. ಏನ್ ಕೊಡ್ತಾ ಇದ್ದೀರಾ? ಇಲ್ಲಿರೋ ಎಲ್ರಿಗೂ ಒಂದೊಂದ್ ಡಜನ್ ಕಳ್ಸಿ."

ಪಕ್ಕದ ಪ್ರೆಸ್ಸಿನವನು ಕೂಗಿದ, "ಗುರು, ನಿನ್ನ ನೋಡಕ್ಕೆ ಬಂದವ್ರೆ! ಏಯ್ ಗುರು! ಇವ್ನಿಗೆ ಕೇಳಲ್ಲ ಮೇಡಂ. ಮೊದ್ಲು ಬಾಯಿ ಮುಚ್ಚು ಅಂತ ಬೇಡ್ಕೋಬೇಕಿತ್ತು. ಈಗ ಬಾಯಿ ಬಿಡು ಅಂತ ಬೇಡ್ಕೋಬೇಕು."

"ದಿನಾಪೂರ್ತಿ ಹೀಗೇ ಕೂತಿರ್ತಾರಾ?"

"ಊಟ ತನಕ," ಎಂದರು ಮಾಲೀಕರು. "ಊಟ ಆದ್ಮೇಲೆ ಪ್ಯಾಕಿಂಗ್. ಅವ್ನ ಹೆಂಡ್ತಿ ಫೋನ್ ಮಾಡಿ ಹೇಳವ್ಳೆ, ಮಧ್ಯಾಹ್ನ ಪ್ರೆಸ್ ಕೊಡ್ಬೇಡಿ ಅಂತ. ಹೋದ್ ಶುಕ್ರವಾರ ಜ್ವರ ಅಂತ ಕಳಿಸ್ಲೇ ಇಲ್ಲ."

ನಾನು ಹತ್ತಿರ ಹೋಗಿ, ಪ್ರೆಸ್ಸು ಮೇಲಿದ್ದಾಗ, ಅವರ ಹೆಸರು ಹಿಡಿದು ಕರೆದೆ. ಅವರು ಕಾಲನ್ನು ಪೆಡಲಿನಿಂದ ತೆಗೆದು ನೆಲದ ಮೇಲಿಟ್ಟು, ಆಮೇಲೆ ತಲೆ ತಿರುಗಿಸಿದರು. ನನ್ನನ್ನು ನೋಡಿದರು. ಐದು ಶನಿವಾರ ನನ್ನೊಡನೆ ಹರಟಿದ ಮನುಷ್ಯ ನನ್ನನ್ನು ಒಂದು ಬಿಡಿಭಾಗದಂತೆ ಸುತ್ತಲೂ ಪರೀಕ್ಷಿಸಿದರು.

"ಶನಿವಾರ ತಾನೇ ಮೇಡಂ?" ಎಂದು ಮೆಲ್ಲಗೆ ಕೇಳಿ, ಮತ್ತೆ ತಗಡಿನ ಕಡೆ ತಿರುಗಿದರು.

ಆ ಸಂಜೆ ಅವರಿನ್ನೂ ಶೆಡ್ಡಿನಿಂದ ಬರುವ ಮೊದಲೇ, ಕೃಷ್ಣರಾಜಪುರ ಮಾರುಕಟ್ಟೆಯ ಹಿಂದೆ ಹಳೆಯ ಊರಿನ ಮನೆಗೆ ಹೋದೆ. ಹೆಂಡತಿ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಓಡುತ್ತಿರುವ ಗಡಿಯಾರ. ನಾನು ಯಾರೆಂದು ಹೇಳಿದ ಕೂಡಲೇ, ಏನೂ ಕೇಳುವ ಮೊದಲೇ, ಆಕೆ ಒಳಗೆ ಹೋಗಿ ಎರಡು ಸಣ್ಣ ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು.

"ಇದು ಪಾಸು, ಇದು ರಿಜೆಕ್ಟು," ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಎರಡರಿಂದಲೂ ಒಂದೊಂದು ಕ್ಯಾಪ್ಸೂಲು ಬಿಚ್ಚಿ ನನ್ನ ಅಂಗೈ ಮೇಲೆ ಚಿಟಿಕೆ ಚಿಟಿಕೆ ಸುರಿದರು. "ನೆಕ್ಕಿ."

ಒಂದು ಕಹಿ. ಒಂದು ಸಿಹಿ.

"ಎರಡ್ನೇ ವಾರ ಬುಧವಾರ ಇವ್ರ ಊಟದ ಬ್ಯಾಗಲ್ಲಿ ಗ್ಲೌಸ್ ಸಿಕ್ತು ಮೇಡಂ. ಬೆರಳಿನ ತುದಿ ಕತ್ತರಿಸಿಹೋಗಿತ್ತು. ಪ್ಯಾಕಿಂಗ್ ಅಂತ ನನ್ಗೂ ಸುಳ್ಳು ಹೇಳಿದ್ರು. ಮೊದಲ್ನೇ ವಾರ ಮನುಷ್ಯ ಅಷ್ಟು ನೆಟ್ಟಗಿದ್ದೋರು, ಎರಡ್ನೇ ವಾರ ಯಾಕ್ ಹಿಂಗೆ? ಮೊದಲ್ನೇ ವಾರದ್ದು ಒಂದು ತಿನ್ನೋದು ಮರೆತು ಉಳಿದಿತ್ತು. ಎರಡೂ ಬಿಚ್ಚಿ ನೆಕ್ದೆ. ನಾನ್ ಹನ್ನೊಂದು ವರ್ಷದಿಂದ ಚೆಕಿಂಗು. ಒಂದೇ ಥರ ಕಾಣೋ ಸಾವ್ರ ಪೀಸಲ್ಲಿ ಒಂದು ಡ್ಯಾಮೇಜ್ ಹುಡ್ಕೋದೇ ನನ್ ಕೆಲ್ಸ."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪ್ರೆಸ್ ಮೇಲ್ ಕೂತಿದ್ದು ಗೊತ್ತಾಗ್ತಿತ್ತು. ನೀವು ಗುಳಿಗೆ ನಿಲ್ಲಿಸ್ತಿದ್ರಿ. ಇವ್ರು ಪ್ರೆಸ್ ಬಿಡ್ತಿರಲಿಲ್ಲ. ಆಗ?"

ನಾನು ಅಂಗೈ ಒರೆಸಿಕೊಂಡು, ಮೊದಲಿನಿಂದ ಹೇಳಿ ಎಂದೆ.

ಆಕೆ ಮಾಡಿದ್ದು ಇಷ್ಟು. ಮಧ್ಯಾಹ್ನದ ಕ್ಯಾಪ್ಸೂಲನ್ನು ಡಾಕ್ಟರು ನಿಲ್ಲಿಸಿದ್ದಾರೆ ಎಂದು ಗಂಡನಿಗೆ ಸುಳ್ಳು ಹೇಳಿದರು. ಮೂರನೆಯ ವಾರದ ಪೊಟ್ಟಣ ಕಹಿಯಿತ್ತು. ಅದನ್ನು ಕೆಲಸದ ದಿನ ಬೆಳಿಗ್ಗೆ ಮಾತ್ರ ಕೊಟ್ಟು, ಉಳಿದದ್ದನ್ನು ಪಾಸ್ ಡಬ್ಬಿಯಲ್ಲಿಟ್ಟರು. ಸಿಹಿ ವಾರಗಳಲ್ಲೂ ಆ ಡಬ್ಬಿಯಿಂದಲೇ ಕೊಟ್ಟರು. ಐದನೆಯ ವಾರದ ಶುಕ್ರವಾರ ಕಹಿ ಮುಗಿಯಿತು. ಆ ದಿನ ಗಂಡನನ್ನು ಮನೆಯಲ್ಲಿ ಕೂರಿಸಿಕೊಂಡರು. ಆರನೆಯ ಪೊಟ್ಟಣ ಮತ್ತೆ ಕಹಿ ಬಂತು. ಗಂಡ ಶೆಡ್ಡಿಗೆ ಹೋಗದ ಶನಿವಾರ, ಭಾನುವಾರ ಮಾತ್ರ ರಿಜೆಕ್ಟ್ ಡಬ್ಬಿಯದು.

"ಶನಿವಾರ ಯಾಕೆ ಸಿಹಿ ಕೊಟ್ರಿ? ಅವತ್ತೇ ಅಲ್ವಾ ನಾವು ಅಳೀತಿದ್ದಿದ್ದು?"

"ನಿಮ್ ಕಂಪ್ಯೂಟರ್ ಬೆರಳು ಕತ್ತರ್ಸಲ್ಲವಲ್ಲ ಮೇಡಂ. ಅಲ್ಲಿಗೆ ಯಾಕೆ ವೇಸ್ಟ್ ಮಾಡ್ಲಿ?"

ಮೂರು ವಾರ ನಾನು ಅತ್ಯಂತ ಶ್ರದ್ಧೆಯಿಂದ, ಮಿಲಿಸೆಕೆಂಡುಗಳಲ್ಲಿ, ಹೆಂಡತಿ ಉಳಿಸಿ ಬಿಟ್ಟ ಮನುಷ್ಯನನ್ನು ಅಳೆದಿದ್ದೆ.

ಏಳುವಾಗ ಕೇಳಿದೆ, "ಭಾನುವಾರ?"

ಆಕೆ ಡಬ್ಬಿಗಳ ಮುಚ್ಚಳ ಹಾಕುತ್ತಾ ಹೇಳಿದರು. "ಭಾನುವಾರ ನಮ್ ಮನೆಯೋರು ಇರ್ಬೇಕಲ್ಲ. ಹಾಡ್ತಾರೆ, ಬೀಳಿಸ್ತಾರೆ, ಮಗಳ ಜೊತೆ ಕಿತ್ತಾಡ್ತಾರೆ. ವಾರದಲ್ಲಿ ಸಂಜೆ ಆರಕ್ಕೆ ಬರ್ತಾರಲ್ಲ, ಅಷ್ಟೊತ್ತಿಗೆ ಗುಳಿಗೆ ಇಳಿದಿರತ್ತೆ ಅಂತೀರಿ ನೀವು. ಇಳಿದ್ರೂ ಆ ಮನುಷ್ಯ ಪೂರ್ತಿ ಹೋಗಿರಲ್ಲ ಮೇಡಂ. ಬಾಗಿಲಲ್ಲಿ ಚಪ್ಪಲಿ ಬಿಡೋದ್ರಲ್ಲೇ ಗೊತ್ತಾಗತ್ತೆ. ಒಂದರ ಪಕ್ಕ ಒಂದು, ಗೋಡೆಗೆ ನೇರ. ನಂಗ್ ಭಯ ಆಗತ್ತೆ."

ಬುಧವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಮೊದಲು ನನ್ನ ಮೇಲೆ ರೇಗಿದರು, ಆಮೇಲೆ ಹೆಂಡತಿಯ ಮೇಲೆ, ಆಮೇಲೆ ಲಕೋಟೆಯ ಮೊಹರು ಒಡೆದರು. ಔಷಧಿ, ಹುಸಿ, ಔಷಧಿ, ಹುಸಿ, ಹುಸಿ, ಔಷಧಿ. ಆಕೆಯ ನಾಲಿಗೆ ಒಂದು ಕಡೆಯೂ ತಪ್ಪಿರಲಿಲ್ಲ. ಡಾಕ್ಟರು ಆ ಕಾಗದವನ್ನು ಮೇಜಿನ ಮೇಲಿಟ್ಟರು. "ಪ್ರೆಸ್ ಮೇಲೆ ಕೂತಿರೋನಿಗೆ ನಾವು ಸಕ್ಕರೆ ಕೊಟ್ಟಿದ್ದೀವಿ," ಎಂದರು. ಮಾಲೀಕರಿಗೆ ತಾವೇ ಫೋನು ಮಾಡಿ ಅವರ ಪ್ರೆಸ್ಸಿನ ಕೆಲಸ ನಿಲ್ಲಿಸಿದರು.

ಕಡತವನ್ನು ಎಸೆಯಬಹುದಿತ್ತು. ಎಸೆದರೆ ಔಷಧಿ ಕೆಲಸ ಮಾಡಿತು ಎಂದು ಹೇಳಲು ನಮ್ಮ ಕೈಯಲ್ಲಿ ಒಂದು ನಾಲಿಗೆ ಮತ್ತು ಒಂದು ನೊಣ ಮಾತ್ರ ಉಳಿಯುತ್ತಿತ್ತು. ಆದ್ದರಿಂದ ಎರಡು ಬೆಳಗಿನ ಹೊಸ ಪರೀಕ್ಷೆ ಇಟ್ಟೆವು, ಗುರುವಾರ ಮತ್ತು ಶುಕ್ರವಾರ. ಕಾಂಪೌಂಡರು ಎರಡು ಕ್ಯಾಪ್ಸೂಲು ತುಂಬಿ ಕೊಟ್ಟರು. ಯಾವುದು ಯಾವ ದಿನದ್ದು ಎಂದು ನಮಗೆ ಯಾರಿಗೂ ಹೇಳಲಿಲ್ಲ. ನಾನೇ ಕೈಯಾರೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುವುದು. ಹೆಂಡತಿ ರಜೆ ಹಾಕಿ ಬಂದು ಅದೇ ಕೋಣೆಯಲ್ಲಿ ಕೂರುವುದು. ಗಂಡನಿಗೆ ಇನ್ನೂ ಏನೂ ಹೇಳಿರಲಿಲ್ಲ.

ಗುರುವಾರ ಏನೂ ಆಗಲಿಲ್ಲ. ಅವರು ಒಂದೂವರೆ ಗಂಟೆ ಮಾತಾಡಿದರು, ಕುರ್ಚಿ ಕಿರುಗುಟ್ಟಿತು, ಗೆರೆ ಗರಗಸವಾಯಿತು.

ಶುಕ್ರವಾರ ಎಂಟಕ್ಕೆ ನುಂಗಿದರು. ಹೆಂಡತಿಗೆ ಗಾರ್ಮೆಂಟ್ಸಿನ ಸೂಪರ್‌ವೈಸರನ್ನು ಅಣಕಿಸಿ ತೋರಿಸುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು, ಮೂಗಿನಲ್ಲಿ ಮಾತಾಡುತ್ತಾ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಎಂಟೂ ನಲವತ್ತರ ಸುಮಾರಿಗೆ ಅಣಕದ ನಡುವೆ ಒಂದು ವಾಕ್ಯ ಅರ್ಧಕ್ಕೆ ನಿಂತಿತು. ಮರೆತದ್ದಲ್ಲ. ಮುಗಿಸುವ ಅಗತ್ಯವಿಲ್ಲ ಎಂದು ಅನ್ನಿಸಿದಂತೆ. ಸೊಂಟದ ಮೇಲಿದ್ದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು. ಪಾದಗಳು ಒಂದರ ಪಕ್ಕ ಒಂದು ಬಂದು ನಿಂತವು.

ಹೆಂಡತಿ ತಮ್ಮ ಕುರ್ಚಿಯನ್ನು ಸದ್ದಾಗದಂತೆ ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದರು. "ಬಂದ್ರು," ಎಂದರು.

ಅದಾದ ಮೇಲಿನ ಪರೀಕ್ಷೆಯ ಗೆರೆ ನಾನು ಆ ಯಂತ್ರದಲ್ಲಿ ಕಂಡ ಅತ್ಯಂತ ನೇರ ಗೆರೆಗಳಲ್ಲಿ ಒಂದು. ಕಾಂಪೌಂಡರಿಗೆ ಫೋನು ಮಾಡಿದೆವು. "ಇವತ್ತಿಂದು ಅಸಲಿ," ಎಂದರು.

ಡಾಕ್ಟರು ಎಲ್ಲರನ್ನೂ ಕೆಳಗೆ ಕೂರಿಸಿ ಆಗಲೇ ಹೇಳಿಬಿಟ್ಟರು. ಸಂಜೆ, ಔಷಧಿ ಇಳಿದ ಮೇಲೆ ಹೇಳಬಹುದಿತ್ತು ಎಂದು ಆಮೇಲೆ ನನಗನ್ನಿಸಿತು. ಹನ್ನೊಂದನೆಯವರು ಡಬ್ಬಿಗಳ ಕಥೆಯನ್ನು ಕೊನೆಯವರೆಗೆ, ಅಡ್ಡ ಬಾಯಿ ಹಾಕದೆ ಕೇಳಿದರು. ಹೆಂಡತಿ ನೆಲ ನೋಡುತ್ತಿದ್ದರು.

"ಭಾನುವಾರ ನಾನೇ ಬೇಕಂತ ಸಡಿಲ ಬಿಡ್ತಿದ್ದೀನಿ ಅಂದ್ಕೊಂಡಿದ್ದೆ," ಎಂದರು ಅವರು. "ಸೋಮವಾರ ನಾನೇ ಬಿಗಿ ಹಿಡಿದಿದ್ದೀನಿ ಅಂತ. ಗುಳಿಗೆ ದಿನಾ ಒಂದೇ, ಹಿಡ್ಕೊಳ್ಳೋನು ನಾನು. ಕೊನೆಗೂ ಕಲ್ತ್ಕೊಂಡೆ ಅಂತ ಖುಷಿ ಇತ್ತು ಸಾರ್."

ಹೆಂಡತಿ ನೆಲದಿಂದ ಕಣ್ಣೆತ್ತಿದರು.

"ರೀ, ಬಯ್ಯಿರಿ," ಎಂದರು ಹೆಂಡತಿ. "ಸುಮ್ನೆ ಕೂತ್ಕೋಬೇಡಿ, ಬಯ್ಯಿರಿ."

"ಈಗ ಬಯ್ಯೋಕೆ ಬರ್ತಿಲ್ಲ ಕಣೇ. ಸಾಯಂಕಾಲ ಬಯ್ತೀನಿ."

ಅದು ತಮಾಷೆಯೋ ಅಲ್ಲವೋ, ಆ ಮುಖದಲ್ಲಿ ತಿಳಿಯುವಂತಿರಲಿಲ್ಲ.

ಡಾಕ್ಟರು ಕೆಮ್ಮಿ, ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಒಂದು ತಿಂಗಳು ಪ್ರಮಾಣ ನೋಡಿಕೊಂಡು ಪ್ರೆಸ್ಸಿಗೆ ಪತ್ರ ಕೊಡಬಹುದು ಎಂದರು. ಹನ್ನೊಂದನೆಯವರು ತಮ್ಮ ಎಡಗೈಯನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಬೆರಳನ್ನು ನೋಡಿದರು.

"ಬೇಡ ಸಾರ್. ಕೈ ಒಳಗೆ ಇಡೋ ಹೊತ್ತಲ್ಲಿ ಇಡ್ತಿರೋನು ಯಾರು ಅಂತ ನಂಗೆ ಗೊತ್ತಿರ್ಬೇಕು. ಮೂರು ವಾರ ಗೊತ್ತಿರ್ಲಿಲ್ಲ. ಇನ್ಮೇಲೂ ಗೊತ್ತಾಗತ್ತೆ ಅಂತ ನೀವ್ ಬರ್ದು ಕೊಡ್ತೀರಾ?"

ಡಾಕ್ಟರು ನನ್ನ ಕಡೆ ನೋಡಿದರು. ಅದಕ್ಕೆ ನಮ್ಮಲ್ಲಿ ಪರೀಕ್ಷೆ ಇರಲಿಲ್ಲ.

ಪತ್ರ ನಾನೇ ಟೈಪು ಮಾಡಿದೆ. ಔಷಧಿಗೆ ಸ್ಪಷ್ಟವಾದ, ಉತ್ತಮ ಪ್ರತಿಕ್ರಿಯೆ ಇದೆ. ಇವರನ್ನು ಪ್ರೆಸ್ಸಿನ ಕೆಲಸಕ್ಕೆ ಹಾಕಬಾರದು. ಎರಡು ವಾಕ್ಯ ಒಂದರ ಕೆಳಗೆ ಒಂದು. ಅವುಗಳ ನಡುವೆ "ಆದರೆ" ಹಾಕಬೇಕೋ "ಆದ್ದರಿಂದ" ಹಾಕಬೇಕೋ ತಿಳಿಯದೆ ಏನೂ ಹಾಕಲಿಲ್ಲ. ಅವರು ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ಪ್ಯಾಕಿಂಗಿಗೆ ಮಾಲೀಕರು ಇಟ್ಟುಕೊಳ್ಳದಿದ್ದರೆ ಬೇರೆ ನೋಡಬೇಕು ಎಂದರು, ಬೇರೆ ಯಾರದೋ ವಿಷಯ ಹೇಳುವಂತೆ.

ಇನ್ನು ಹುಸಿ ಪುಡಿ ಇರುವುದಿಲ್ಲ, ಔಷಧಿ ಉಂಟು ಅಥವಾ ಇಲ್ಲ, ಅಷ್ಟೇ ಎಂದು ವಿವರಿಸಿ ಡಾಕ್ಟರು ಒಂದು ಸ್ಟ್ರಿಪ್ ಮಾತ್ರೆಯನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಹಾಗೇ ಹೆಂಡತಿಯ ಮುಂದೆ ಹಿಡಿದರು.

"ನೀನೇ ಇಟ್ಕೊ. ಕೊಡೋ ದಿನ ಹೇಳಿ ಕೊಡು. ಕೊಡದೇ ಇರೋ ದಿನಾನೂ ಹೇಳು."

ಆಕೆ ತಕ್ಷಣ ತೆಗೆದುಕೊಳ್ಳಲಿಲ್ಲ. ಅವರ ಕೈ ಗಾಳಿಯಲ್ಲಿ ನಡುಗದೆ ನಿಂತಿತ್ತು. ಕೊನೆಗೆ ಆಕೆ ಸ್ಟ್ರಿಪ್ಪನ್ನು ತೆಗೆದುಕೊಂಡು ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಗಂಡನ ಮುಖಕ್ಕೆ ಮುಖ ಕೊಟ್ಟು ನಿಂತರು.

"ನಾಳೆ ಇಲ್ಲ," ಎಂದರು. "ಹೇಳಿದ್ದೀನಿ."